ಗೊರವರ ಕುಣಿತ: ಜಾತ್ರೆಯಿಂದ ಉತ್ಸವಕ್ಕೆ

ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯಲ್ಲಿ ಹೊಳೆದಂಡೆಗೆ ಬಂದು ನಿಂತರೆ ಎದುರಿಗೆ ಕಾಣುವುದು ಹೂವಿನಹಡಗಲಿ ತಾಲೂಕು. ನಡುವೆ ತುಂಗಭದ್ರೆ. ಈಗ ಸೇತುವೆ ದಾಟಲು ಕೆಲವೇ ನಿಮಿಷ ಸಾಕು. ಆದರೆ ಬ್ರಿಟಿಷರ ಕಾಲದಲ್ಲಿ ಈಚೆಯ ದಂಡೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಆಚೆಯ ದಂಡೆ ಮದ್ರಾಸಿಗೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಈ ಭಾಗವನ್ನೂ ಒಳಗೊಂಡಿದ್ದ ಧಾರವಾಡ ಜಿಲ್ಲೆ ಬಂದದ್ದು 1956ರ ನವೆಂಬರ್ 1ರಂದು. ಅಲ್ಲಿಯವರೆಗೆ ಎರಡೂ ದಂಡೆಯ ಕನ್ನಡಿಗರ ಕಚೇರಿ, ಕೋರ್ಟು ಬೇರೆ ಬೇರೆ. ಒಂದಾಗಿ ಉಳಿದದ್ದು ಆಡುಮಾತು, ಬೀಗತನ ಮತ್ತು ಮೈಲಾರಲಿಂಗ.

ಹಡಗಲಿ ತಾಲೂಕಿನ ಮೈಲಾರದಲ್ಲಿ ಪ್ರತಿವರ್ಷ ಭರತ ಹುಣ್ಣಿಮೆಯ ಆಸುಪಾಸಿನಲ್ಲಿ ಜಾತ್ರೆ ನೆರೆಯುತ್ತದೆ. ಬಸ್ಸು, ಟ್ರ್ಯಾಕ್ಟರುಗಳು ಎಷ್ಟೇ ಹೆಚ್ಚಿದರೂ ಎತ್ತಿನ ಬಂಡಿ ಕಟ್ಟಿಕೊಂಡು ಹೋಗುವವರು ಇನ್ನೂ ಉಂಟು. ಹಣೆಗೆ ಅರಿಷಿಣದ ಭಂಡಾರ, ಬಾಯಲ್ಲಿ ‘ಏಳುಕೋಟಿ’ಯ ಘೋಷ. ಮಣಿ ಮತ್ತು ಮಲ್ಲ ಎಂಬ ಅಸುರರನ್ನು ಕೊಲ್ಲಲು ಶಿವ ಏಳು ಕೋಟಿ ದಂಡು ಕಟ್ಟಿಕೊಂಡು ಬಂದನೆಂಬುದು ಕಥೆ. ಅದೇ ಘೋಷ ಮಹಾರಾಷ್ಟ್ರದ ಜೇಜೂರಿಯ ಖಂಡೋಬನ ಮೆಟ್ಟಿಲುಗಳ ಮೇಲೂ ಕೇಳಿಬರುತ್ತದೆ. ತೆಲಂಗಾಣದ ಕೊಮುರವೆಲ್ಲಿಯ ಮಲ್ಲನ್ನನೂ ಇದೇ ಬಳಗದ ದೇವರು. 1992ರಲ್ಲಿ ತೀರಿಕೊಂಡ ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ ಈ ದೇವರ ಬೆನ್ನು ಹತ್ತಿ ದಖ್ಖನಿನ ಕುರಿಗಾಹಿಗಳೊಂದಿಗೆ ವರ್ಷಗಟ್ಟಲೆ ತಿರುಗಿದರು. ಕುರಿಯ ಹಿಂಡು ನಡೆದ ದಾರಿಯಲ್ಲೇ ಈ ದೇವರೂ ನಡೆದಿದ್ದಾನೆ ಎಂದು ನೋಡಿದರೆ, ರಾಜ್ಯಗಳ ಗಡಿಗೆ ಅವನು ಏಕೆ ಸೊಪ್ಪು ಹಾಕಲಿಲ್ಲ ಎಂಬುದು ಅರ್ಥವಾಗುತ್ತದೆ.

ಈ ದೇವರ ಒಕ್ಕಲು ಗೊರವರು. ದೀಕ್ಷೆ ಪಡೆದವನಷ್ಟೇ ಗೊರವ. ಕುರುಬರು ಹೆಚ್ಚಾದರೂ ಬೇರೆ ಜಾತಿಯವರಿಗೂ ಬಾಗಿಲು ಮುಚ್ಚಿಲ್ಲ. ಮೈಮೇಲೆ ಕರಿಕಂಬಳಿಯ ಅಂಗಿ, ಹೆಗಲಿಗೆ ಭಂಡಾರದ ಚೀಲ, ಕೈಯಲ್ಲಿ ಡಮರುಗ. ಜಾತ್ರೆಯಲ್ಲಿ ದೋಣಿ ಸೇವೆ ಎಂಬುದೊಂದಿದೆ. ದೋಣಿಯೆಂಬ ಪಾತ್ರೆಗೆ ಹಾಲು, ಬಾಳೆಹಣ್ಣು, ಬೆಲ್ಲ ಹಾಕಿ ಇಟ್ಟರೆ ಗೊರವರು ನಾಯಿಯಂತೆ ಬೊಗಳುತ್ತ ಬಾಯಿ ಹಚ್ಚಿ ತಿನ್ನುತ್ತಾರೆ. ಅವರು ಮೈಲಾರನ ಬೇಟೆನಾಯಿಗಳು. ಪಟ್ಟಣದಿಂದ ಬಂದವರಿಗೆ ಇದು ಮುಜುಗರ. ಮನುಷ್ಯ ಹೀಗೇಕೆ ತನ್ನನ್ನು ಇಳಿಸಿಕೊಳ್ಳಬೇಕು ಎಂದು ಕೇಳುವವರೂ ಇದ್ದಾರೆ. ಪ್ರಶ್ನೆ ತೆಗೆದುಹಾಕುವಂಥದ್ದಲ್ಲ. ಆದರೆ ಸೇವೆ ಮುಗಿದ ಮರುಕ್ಷಣವೇ ಅದೇ ಜನ ಆ ಗೊರವನ ಕಾಲಿಗೆರಗಿ ಭಂಡಾರ ಹಚ್ಚಿಸಿಕೊಳ್ಳುತ್ತಾರೆ ಎಂಬುದನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು.

ಜಾತ್ರೆಯ ಮುಖ್ಯ ಘಟ್ಟ ಕಾರಣಿಕ. ಡೆಂಕನಮರಡಿಯಲ್ಲಿ ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ‘ಸದ್ದಲೇ’ ಎಂದು ಒಮ್ಮೆ ಗದರಿದರೆ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದೇ ಒಂದು ಮಾತು ನುಡಿದು ಅವನು ಕೆಳಗೆ ಬೀಳುತ್ತಾನೆ, ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಆ ಮಾತಿನಲ್ಲಿ ರೈತರು ಮಳೆಯನ್ನೂ ಬೆಳೆಯನ್ನೂ, ರಾಜಕಾರಣಿಗಳು ತಮ್ಮ ಕುರ್ಚಿಯನ್ನೂ ಹುಡುಕುತ್ತಾರೆ. ಮರುದಿನ ಎರಡನೆಯ ಅರ್ಥವೇ ದೊಡ್ಡ ಅಕ್ಷರದಲ್ಲಿ ಅಚ್ಚಾಗುತ್ತದೆ. ನಮ್ಮ ಪತ್ರಿಕೆಗಳ ಪಾಲೂ ಇದರಲ್ಲಿದೆ, ಒಪ್ಪಿಕೊಳ್ಳೋಣ.

ಇದು ಜಾತ್ರೆ. ಇನ್ನು ಉತ್ಸವ. ಸರಕಾರಿ ಉತ್ಸವಗಳ ಚರಿತ್ರೆಯೂ ಇದೇ ತಾಲೂಕಿನ ಮೂಲಕವೇ ಹಾದುಹೋಗುತ್ತದೆ ಎಂಬುದು ಸೋಜಿಗ. ಹಡಗಲಿಯಲ್ಲಿ ವಕೀಲಿಕೆ ಮಾಡುತ್ತ ರಂಗಭಾರತಿ ತಂಡ ಕಟ್ಟಿ ನಾಟಕವಾಡಿಸುತ್ತಿದ್ದ ಎಂ.ಪಿ. ಪ್ರಕಾಶ್ ಸಚಿವರಾಗಿ 1980ರ ದಶಕದಲ್ಲಿ ಹಂಪಿ ಉತ್ಸವಕ್ಕೆ ರೂಪ ಕೊಟ್ಟರು. ಅದರ ಜನಪದ ಕಲಾವಾಹಿನಿ ಮೆರವಣಿಗೆಯಲ್ಲಿ ಡೊಳ್ಳು, ವೀರಗಾಸೆ, ಕಂಸಾಳೆ, ಗೊರವರ ಕುಣಿತ ಎಲ್ಲವೂ ಬಂದವು. ಮುಂದೆ ಇದೇ ಮಾದರಿಯಲ್ಲಿ ಊರೂರಿಗೆ ಉತ್ಸವಗಳಾದವು. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಗದಗಕ್ಕೆ ಲಕ್ಕುಂಡಿ ಉತ್ಸವ ಬಂತು, ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಅಂಗಳದಲ್ಲಿ ಪುಲಿಗೆರೆ ಉತ್ಸವ ನಡೆಯಿತು. 2011ರಲ್ಲಿ ತೀರಿಕೊಂಡ ಪ್ರಕಾಶರಿಗೆ ಸಲ್ಲಬೇಕಾದ ಶ್ರೇಯ ದೊಡ್ಡದು. ಹಳ್ಳಿಯ ಕಲಾವಿದನೂ ಸರಕಾರದ ಅತಿಥಿಯಾಗಬಹುದು, ಸಂಭಾವನೆಗೆ ಅರ್ಹ ಎಂಬ ಮಾತು ಅಲ್ಲಿಯವರೆಗೆ ಅಷ್ಟು ಸಲೀಸಾಗಿರಲಿಲ್ಲ.

ಆದರೆ ವೇದಿಕೆಗೆ ಅದರದೇ ಹಟ ಉಂಟು. ಉತ್ಸವಗಳಲ್ಲಿ ನಾವು ಕಾಣುವ ಗೊರವ ಸಾಮಾನ್ಯವಾಗಿ ಚಾಮರಾಜನಗರದ ಕಡೆಯವನು: ತಲೆಗೆ ಕರಡಿಕೂದಲ ಟೊಪ್ಪಿ, ಬಲಗೈಯಲ್ಲಿ ಡಮರುಗ, ಎಡಗೈಯಲ್ಲಿ ಕೊಳಲು. ಹತ್ತು ಹನ್ನೆರಡು ಮಂದಿ ಒಂದೇ ವೇಷದಲ್ಲಿ ಮುಂದೆ ಹಿಂದೆ ಹೆಜ್ಜೆ ಹಾಕಿ, ಗಿರ್ರನೆ ಸುತ್ತಿದರೆ ಕಣ್ಣಿಗೆ ಹಬ್ಬ, ಸಂದೇಹವಿಲ್ಲ. ಫೋಟೊದಲ್ಲಿಯೂ ಚೆನ್ನಾಗಿ ಬೀಳುತ್ತದೆ. ಮೈಲಾರದ ಗೊರವನ ಕುಣಿತಕ್ಕೆ ಹಾಗೆ ಮೊದಲು ಕೊನೆ ಇಲ್ಲ. ಭಕ್ತರ ಬಂಡಿಯ ಮುಂದೆ, ದೋಣಿಯ ಸುತ್ತ, ಹರಕೆ ಹೊತ್ತವರ ಮನೆಯ ಅಂಗಳದಲ್ಲಿ ಮೈದುಂಬಿದಷ್ಟು ಹೊತ್ತು ಅದು ನಡೆಯುತ್ತದೆ. ಹತ್ತು ನಿಮಿಷಕ್ಕೆ ಮುಗಿಸಿ ಎಂದರೆ ಅವನಿಗೆ ತಿಳಿಯುವುದಿಲ್ಲ, ಏಕೆಂದರೆ ಅವನು ನೋಡುಗರಿಗಾಗಿ ಕುಣಿಯುತ್ತಿಲ್ಲ. ಒಂದೇ ಹೆಸರಿನ ಎರಡು ಕುಣಿತಗಳಲ್ಲಿ ಒಂದು ನಾಡಿಗೆಲ್ಲ ಪರಿಚಿತವಾಗಿ, ಇನ್ನೊಂದು ತನ್ನ ಜಾತ್ರೆಯಲ್ಲೇ ಉಳಿದಿದೆ.

ಉಳಿದರೆ ನಷ್ಟವೇನು ಎಂದು ಕೇಳಬಹುದು. ಭಕ್ತಿಗೆ ನಷ್ಟವಿಲ್ಲ, ಹೊಟ್ಟೆಗೆ ಇದೆ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಸರಕಾರ ಮಾಸಾಶನ ಕೊಡುತ್ತದೆ. ವಯಸ್ಸು 58 ತುಂಬಿರಬೇಕು, ಅರ್ಜಿಯ ಜೊತೆ ಕಲಾಸೇವೆಯ ದಾಖಲೆ ಇರಬೇಕು: ಪ್ರಮಾಣಪತ್ರ, ಆಮಂತ್ರಣ ಪತ್ರಿಕೆ, ಕಾರ್ಯಕ್ರಮದ ಫೋಟೊ. ಒಂದೆರಡು ಉತ್ಸವಗಳ ವೇದಿಕೆ ಹತ್ತಿದ ತಂಡದವರ ಬಳಿ ಇವೆಲ್ಲ ಕಡತದಲ್ಲಿರುತ್ತವೆ. ಹುಡುಗನಾಗಿದ್ದಾಗ ದೀಕ್ಷೆ ಪಡೆದು, ಪ್ರತಿ ಮಾಘದಲ್ಲಿ ಹೊಳೆ ದಾಟಿ ಹೋಗಿ ಕುಣಿದು ಬಂದ ಮುಂಡರಗಿ ಸೀಮೆಯ ಮುದಿ ಗೊರವನಿಗೆ ಮೈಲಾರಲಿಂಗ ಆಮಂತ್ರಣ ಪತ್ರಿಕೆ ಕಳಿಸಿದ್ದಿಲ್ಲ. ಅವನ ಬಳಿ ಇರುವುದು ಕಂಬಳಿ, ಡಮರುಗ ಮತ್ತು ಭಂಡಾರದ ಚೀಲ.