ಮನೆಯ ಹಳೆಯ ನಾಣ್ಯಗಳು: ಮೊಬೈಲ್ ಫೋನ್ ಮತ್ತು ಎರಡು ದೀಪಗಳಿಂದ ಚಿತ್ರ ತೆಗೆದು ದಾಖಲಿಸುವ ಕ್ರಮ

ಕರ್ನಾಟಕದ ಜೈನ ಕುಟುಂಬಗಳಲ್ಲಿ ದೇವರ ಪೆಟ್ಟಿಗೆ, ತಿಜೋರಿ ಅಥವಾ ಬ್ಯಾಂಕ್ ಲಾಕರ್‌ನಲ್ಲಿ ಹಿರಿಯರಿಂದ ಬಂದ ಕೆಲವು ನಾಣ್ಯಗಳು ಇರುವುದು ಸಾಮಾನ್ಯ. ರಾಣಿಯ ರೂಪಾಯಿ, ಮೈಸೂರಿನ ತಾಮ್ರದ ಕಾಸು, ಬೆರಳ ತುದಿಯಲ್ಲಿ ನಿಲ್ಲುವಷ್ಟು ಚಿಕ್ಕ ಚಿನ್ನದ ಹಣ, ಭಗವಾನ್ ಮಹಾವೀರರ 2600ನೇ ಜನ್ಮಕಲ್ಯಾಣಕದ ಸ್ಮರಣೆಗೆ 2001ರಲ್ಲಿ ಬಂದ ಐದು ರೂಪಾಯಿ ನಾಣ್ಯ ಮುಂತಾದವು ಇವುಗಳಲ್ಲಿ ಸೇರಿರುತ್ತವೆ. ಮನೆ ಪಾಲಾದಾಗ, ಕಳವಾದಾಗ ಅಥವಾ ಯಾರೋ ಅಕ್ಕಸಾಲಿಗನಲ್ಲಿ ಕರಗಿಸಿದಾಗ ಏನು ಹೋಯಿತು ಎಂದು ಹೇಳಲು ಹೆಚ್ಚಿನ ಮನೆಗಳಲ್ಲಿ ಯಾವ ದಾಖಲೆಯೂ ಇರುವುದಿಲ್ಲ. ಒಂದು ಮೊಬೈಲ್ ಫೋನ್, ಎರಡು ಮೇಜಿನ ದೀಪ ಮತ್ತು ಒಂದು ಬಿಡುವಿನ ದಿನ ಇದ್ದರೆ ಈ ಕೊರತೆಯನ್ನು ತುಂಬಿಕೊಳ್ಳಬಹುದು.

ಮೊದಲ ನಿಯಮ: ಉಜ್ಜಬಾರದು

ಚಿತ್ರ ಚೆನ್ನಾಗಿ ಬರಲಿ ಎಂದು ನಾಣ್ಯವನ್ನು ಹುಣಸೆಹಣ್ಣು, ನಿಂಬೆರಸ, ಬೂದಿ, ಟೂತ್‌ಪೇಸ್ಟ್ ಅಥವಾ ಪಾತ್ರೆ ಬೆಳಗುವ ಪುಡಿಯಿಂದ ತಿಕ್ಕುವುದು ಎಲ್ಲಕ್ಕಿಂತ ದೊಡ್ಡ ಹಾನಿ. ಬೆಳ್ಳಿ ಮತ್ತು ತಾಮ್ರದ ಮೇಲೆ ಕಾಲಕ್ರಮದಲ್ಲಿ ಕೂಡುವ ಕಪ್ಪು ಅಥವಾ ಕಂದು ಪದರವು ಒಳಗಿನ ಲೋಹವನ್ನು ಕಾಯುತ್ತದೆ. ಉಜ್ಜಿದಾಗ ಆ ಪದರದ ಜೊತೆಗೆ ಅಕ್ಷರದ ಅಂಚುಗಳೂ ಸವೆಯುತ್ತವೆ, ಮೇಲ್ಮೈಯಲ್ಲಿ ಗೀರುಗಳು ಉಳಿಯುತ್ತವೆ. ಸಂಗ್ರಾಹಕರು ಇಂತಹ ನಾಣ್ಯವನ್ನು ನೋಡಿದ ಕೂಡಲೇ ಗುರುತಿಸುತ್ತಾರೆ, ಅದರ ಬೆಲೆಯೂ ಇಳಿಯುತ್ತದೆ. ಪೂಜೆಯಲ್ಲಿ ಅಂಟಿದ ಗಂಧ ಕುಂಕುಮವನ್ನೂ ಕೆರೆದು ತೆಗೆಯಬಾರದು. ಸಡಿಲವಾದ ಧೂಳನ್ನು ರಬ್ಬರ್ ಊದುಬುಗ್ಗೆಯಿಂದ ಊದಿದರೆ ಸಾಕು.

ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ನಾಣ್ಯವನ್ನು ಅಂಚಿನಲ್ಲಿ ಮಾತ್ರ ಎರಡು ಬೆರಳಿನಿಂದ ಹಿಡಿಯಬೇಕು. ಕೆಳಗೆ ಮಡಚಿದ ಮೆತ್ತನೆಯ ಹತ್ತಿ ಬಟ್ಟೆ ಹಾಸಿದ್ದರೆ ಕೈ ಜಾರಿದರೂ ಪೆಟ್ಟಾಗುವುದಿಲ್ಲ. ಕಪ್ಪಾದ ನಾಣ್ಯದ ಅಕ್ಷರ ಓದಲು ಬೇಕಾಗಿರುವುದು ಹೊಳಪಲ್ಲ, ಸರಿಯಾದ ಕೋನದಿಂದ ಬೀಳುವ ಬೆಳಕು.

ಬೇಕಾಗುವ ಸಾಮಾನು

ಫೋನ್, ಒಂದೇ ಬಗೆಯ ಎಲ್‌ಇಡಿ ಬಲ್ಬ್ ಹಾಕಿದ ಎರಡು ಮೇಜಿನ ದೀಪ, ಬೂದು ಬಣ್ಣದ ದಪ್ಪ ಕಾಗದ, ಬಟರ್ ಪೇಪರ್, ಚಿಕ್ಕ ಕನ್ನಡಿ, ಮಿಲಿಮೀಟರ್ ಗುರುತಿನ ಅಳತೆಪಟ್ಟಿ ಮತ್ತು ಗ್ರಾಂನ ನೂರನೇ ಒಂದು ಭಾಗದವರೆಗೆ ತೂಗುವ ಚಿಕ್ಕ ತಕ್ಕಡಿ ಇಷ್ಟೇ ಸಾಮಾನು. ಬಲ್ಬ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಸಿಆರ್‌ಐ 90 ಅಥವಾ ಅದಕ್ಕಿಂತ ಹೆಚ್ಚು ಎಂದಿದ್ದರೆ ಲೋಹದ ಬಣ್ಣ ಸರಿಯಾಗಿ ಕಾಣುತ್ತದೆ. ಒಂದು ಹಳದಿ, ಒಂದು ಬಿಳಿ ಬಲ್ಬ್ ಬೆರೆಸಿದರೆ ನಾಣ್ಯದ ಅರ್ಧ ಭಾಗ ಒಂದು ಬಣ್ಣ, ಇನ್ನರ್ಧ ಮತ್ತೊಂದು ಬಣ್ಣಕ್ಕೆ ತಿರುಗುತ್ತದೆ. ಚಿತ್ರ ತೆಗೆಯುವಾಗ ಕೋಣೆಯ ಉಳಿದ ದೀಪಗಳನ್ನು ಆರಿಸಿ, ಕಿಟಕಿ ಮುಚ್ಚಬೇಕು.

ಹಿನ್ನೆಲೆಗೆ ಬೂದು ಕಾಗದ ಹೇಳಿರುವುದಕ್ಕೆ ಕಾರಣವಿದೆ. ಕಪ್ಪು ಹಿನ್ನೆಲೆ ಇದ್ದರೆ ಫೋನ್ ತಾನಾಗಿ ಚಿತ್ರವನ್ನು ಬೆಳಗಿಸಿ ನಾಣ್ಯವನ್ನು ಬೆಳ್ಳಗೆ ಮಾಡುತ್ತದೆ. ಬಿಳಿ ಹಿನ್ನೆಲೆ ಇದ್ದರೆ ನಾಣ್ಯವನ್ನು ಕಪ್ಪಾಗಿಸುತ್ತದೆ. ಬೂದು ಬಣ್ಣದಲ್ಲಿ ಈ ಎರಡು ತೊಂದರೆಯೂ ಕಡಿಮೆ.

ಫೋನ್ ನಿಲ್ಲಿಸುವುದು

ಫೋನನ್ನು ಕೈಯಲ್ಲಿ ಹಿಡಿದು ತೆಗೆದ ಚಿತ್ರ ಅಲುಗುತ್ತದೆ, ನಾಣ್ಯ ಮೊಟ್ಟೆಯಾಕಾರವಾಗಿ ಕಾಣುತ್ತದೆ. ಸಮ ಎತ್ತರದ ಎರಡು ಪುಸ್ತಕದ ರಾಶಿ ಮಾಡಿ, ಮೇಲೆ ಒಂದು ಗಟ್ಟಿ ಪಟ್ಟಿ ಅಡ್ಡಲಾಗಿಟ್ಟು, ಕ್ಯಾಮೆರಾ ಪಟ್ಟಿಯ ಅಂಚಿನಿಂದ ಹೊರಚಾಚುವಂತೆ ಫೋನನ್ನು ಮಲಗಿಸಬಹುದು. ನಾಣ್ಯದಿಂದ 15ರಿಂದ 20 ಸೆಂಟಿಮೀಟರ್ ಎತ್ತರ ಸಾಕು. ಇನ್ನೂ ಹತ್ತಿರ ಹೋದರೆ ಫೋನಿನ ನೆರಳು ನಾಣ್ಯದ ಮೇಲೆ ಬೀಳುತ್ತದೆ, ದೀಪಕ್ಕೆ ಜಾಗವೂ ಉಳಿಯುವುದಿಲ್ಲ.

ಫೋನ್ ನಾಣ್ಯಕ್ಕೆ ನೇರವಾಗಿದೆಯೇ ಎಂದು ತಿಳಿಯಲು ನಾಣ್ಯ ಇಡುವ ಜಾಗದಲ್ಲಿ ಚಿಕ್ಕ ಕನ್ನಡಿ ಇಡಬೇಕು. ಕನ್ನಡಿಯಲ್ಲಿ ಕಾಣುವ ಕ್ಯಾಮೆರಾದ ಬಿಂಬ ಪರದೆಯ ನಟ್ಟನಡುವೆ ಬಂದರೆ ಫೋನ್ ನೇರವಾಗಿದೆ ಎಂದರ್ಥ. ನಂತರ ಕನ್ನಡಿ ತೆಗೆದು ಅಲ್ಲಿ ನಾಣ್ಯ ಇಡಬಹುದು.

ಹಲವು ಕ್ಯಾಮೆರಾಗಳಿರುವ ಫೋನಿನಲ್ಲಿ ಮುಖ್ಯ ಕ್ಯಾಮೆರಾವನ್ನೇ ಬಳಸಬೇಕು. ಎರಡು ಪಟ್ಟು ಜೂಮ್ ಮಾಡಬಹುದು. ಅದಕ್ಕಿಂತ ಹೆಚ್ಚಿನ ಡಿಜಿಟಲ್ ಜೂಮ್‌ನಲ್ಲಿ ಫೋನ್ ಇಲ್ಲದ ಗೆರೆಗಳನ್ನು ಊಹಿಸಿ ತುಂಬುತ್ತದೆ. ಬ್ಯೂಟಿ, ಫಿಲ್ಟರ್, ಎಐ ಸುಧಾರಣೆ, ಫ್ಲ್ಯಾಶ್ ಇವೆಲ್ಲ ಬಂದ್ ಆಗಿರಬೇಕು. ಪರದೆಯಲ್ಲಿ ನಾಣ್ಯದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಅಲ್ಲಿಗೇ ನಿಲ್ಲುತ್ತವೆ. ಆಮೇಲೆ ಕಾಣುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆದು, ಎಲ್ಲೂ ಅಕ್ಷರ ಬಿಳಿಯಾಗಿ ಅಳಿಸಿಹೋಗದಂತೆ ಬೆಳಕನ್ನು ತಗ್ಗಿಸಬೇಕು. ಸ್ವಲ್ಪ ಕಪ್ಪಾದ ಚಿತ್ರವನ್ನು ಆಮೇಲೆ ಬೆಳಗಿಸಬಹುದು. ಬಿಳಿಯಾಗಿ ಹೋದ ಭಾಗ ಮತ್ತೆ ಬರುವುದಿಲ್ಲ. ಗುಂಡಿ ಒತ್ತುವಾಗ ಅಲುಗದಂತೆ ಮೂರು ಸೆಕೆಂಡಿನ ಟೈಮರ್ ಹಾಕುವುದು ಒಳ್ಳೆಯದು.

ನಾಣ್ಯಕ್ಕೆ ತಕ್ಕ ಬೆಳಕು

ಎಲ್ಲ ನಾಣ್ಯಕ್ಕೂ ಒಂದೇ ಬೆಳಕು ಹೊಂದುವುದಿಲ್ಲ. ಬೆಳಕು ಯಾವಾಗಲೂ ಚಿತ್ರದ ಮೇಲ್ಭಾಗದ ಕಡೆಯಿಂದ ಬರಬೇಕು ಎಂಬುದೊಂದೇ ಸಾಮಾನ್ಯ ಸೂತ್ರ. ಬೆಳಕು ಮೇಲಿನಿಂದ ಬರುತ್ತದೆ ಎಂದು ಕಣ್ಣು ಎಣಿಸುವುದರಿಂದ, ಕೆಳಭಾಗದಿಂದ ಬೆಳಕು ಬಿದ್ದ ಚಿತ್ರದಲ್ಲಿ ಉಬ್ಬಿದ ಅಕ್ಷರಗಳು ತಗ್ಗಾಗಿ ಕಾಣುತ್ತವೆ.

ಸಾಮಾನ್ಯ ಬೆಳ್ಳಿ, ತಾಮ್ರದ ನಾಣ್ಯ: ನಾಣ್ಯವನ್ನು ಗಡಿಯಾರ ಎಂದುಕೊಂಡರೆ 10 ಮತ್ತು 2ರ ಕಡೆ ಒಂದೊಂದು ದೀಪ ಇಡಬೇಕು. ದೀಪಗಳು ಮೇಜಿನಿಂದ ಎತ್ತರದಲ್ಲಿದ್ದು, ಬೆಳಕು ಓರೆಯಾಗಿ ಕೆಳಗೆ ಬೀಳಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮಯಿಲಿ ಕಾಸುಗಳಂತಹ ಕಪ್ಪಾದ ತಾಮ್ರದ ನಾಣ್ಯಗಳಿಗೆ ಇದು ಸಾಕಾಗುತ್ತದೆ.

ಸವೆದ ನಾಣ್ಯ: ಒಂದೇ ದೀಪವನ್ನು ಮೇಜಿನ ಮಟ್ಟಕ್ಕೆ ತಗ್ಗಿಸಿ, ಎಡಮೇಲ್ಗಡೆಯಿಂದ ಬೆಳಕು ನಾಣ್ಯದ ಮೈಯನ್ನು ಸವರಿಕೊಂಡು ಹೋಗುವಂತೆ ಇಡಬೇಕು. ಕಣ್ಣಿಗೆ ಕಾಣದ ಉಬ್ಬುಗಳಿಗೂ ಆಗ ನೆರಳು ಮೂಡುತ್ತದೆ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯಗಳ ಒಂದು ಬದಿಯಲ್ಲಿ ‘ಶ್ರೀ ತಲಕಾಡುಗೊಂಡ’, ಇನ್ನು ಕೆಲವುಗಳಲ್ಲಿ ‘ಶ್ರೀ ನೊಳಂಬವಾಡಿಗೊಂಡ’ ಎಂದು ಕನ್ನಡದಲ್ಲಿದೆ. ತಲಕಾಡನ್ನು ಚೋಳರಿಂದ ಗೆದ್ದುಕೊಟ್ಟ ದಂಡನಾಯಕ ಗಂಗರಾಜನು ಜೈನ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ಸುತ್ತಾಲಯ ಕಟ್ಟಿಸಿದವನೂ ಅವನೇ. ಇಂತಹ ನಾಣ್ಯದಲ್ಲಿ ಬಿರುದಿನ ಅಕ್ಷರಗಳೇ ಮುಖ್ಯ. ತುಳುನಾಡಿನ ಆಳುಪರ ಜೋಡಿ ಮೀನಿನ ನಾಣ್ಯಗಳ ಬರಹಕ್ಕೂ ಇದೇ ತಗ್ಗಿದ ಬೆಳಕು ಬೇಕು. ಅಕ್ಷರ ಸ್ಪಷ್ಟವಾಗದಿದ್ದರೆ ದೀಪವನ್ನು ಕದಲಿಸದೆ, ನಾಣ್ಯವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಚಿತ್ರ ತೆಗೆಯಬೇಕು. ಒಂದರಲ್ಲಿ ಕಾಣದ ಗೆರೆ ಮತ್ತೊಂದರಲ್ಲಿ ಕಾಣುತ್ತದೆ.

ಹೊಳೆಯುವ ಸ್ಮರಣಾರ್ಥ ನಾಣ್ಯ: 2001ರ ನಾಣ್ಯದ ಹೊಸ ಪ್ರತಿಗಳು ಹಾಗೂ ಭಗವಾನ್ ಮಹಾವೀರರ 2550ನೇ ನಿರ್ವಾಣ ಮಹೋತ್ಸವದ ಅಂಗವಾಗಿ 2024ರ ಏಪ್ರಿಲ್ 21ರಂದು ದೆಹಲಿಯಲ್ಲಿ ಬಿಡುಗಡೆಯಾದಂತಹ ನಾಣ್ಯಗಳು ಕನ್ನಡಿಯಂತೆ ವರ್ತಿಸುತ್ತವೆ. ದೀಪ, ಫೋನ್, ಮುಖ ಎಲ್ಲವೂ ಅದರಲ್ಲಿ ಬಿಂಬಿಸುತ್ತವೆ. ದೀಪದ ಮುಂದೆ ಬಟರ್ ಪೇಪರ್ ಕಟ್ಟಿ ಬೆಳಕನ್ನು ಮೃದುಗೊಳಿಸಿ, ಕ್ಯಾಮೆರಾದಷ್ಟೇ ತೂತು ಕೊರೆದ ಕಪ್ಪು ಕಾಗದದಿಂದ ಫೋನನ್ನು ಮರೆಮಾಡಬೇಕು. ಇದರಿಂದಲೂ ಸರಿಯಾಗದಿದ್ದರೆ ನಾಣ್ಯ ಮತ್ತು ಫೋನಿನ ನಡುವೆ ಒಂದು ಸ್ವಚ್ಛ ಗಾಜನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಪಕ್ಕದಿಂದ ಒಂದು ದೀಪ ಬಿಡಬಹುದು. ಗಾಜಿಗೆ ಬಡಿದ ಬೆಳಕು ನೇರ ಕೆಳಗೆ ನಾಣ್ಯದ ಮೇಲೆ ಬೀಳುತ್ತದೆ. ದೀಪದ ಎದುರು ಬದಿಗೆ ಕಪ್ಪು ಬಟ್ಟೆ ಇರಬೇಕು, ಇಲ್ಲದಿದ್ದರೆ ಆ ಕಡೆಯ ಗೋಡೆ ಗಾಜಿನಲ್ಲಿ ಕಾಣುತ್ತದೆ. ಮಿಂಟ್‌ನ ಡಬ್ಬಿಯಲ್ಲಿ ಬಂದ ನಾಣ್ಯವನ್ನು ಡಬ್ಬಿಯಿಂದ ತೆಗೆಯದಿರುವುದೇ ಲೇಸು.

ಚಿಕ್ಕ ಚಿನ್ನದ ಹಣ: ಕಂಠೀರವ ಹಣದಂತಹ ನಾಣ್ಯ ಒಂದು ಗ್ರಾಂ ಕೂಡ ತೂಗುವುದಿಲ್ಲ. ಇದಕ್ಕೆ ಫೋನಿಗೆ ಕ್ಲಿಪ್‌ನಿಂದ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಉಪಯುಕ್ತ. ಊದುಬುಗ್ಗೆಯನ್ನು ಇದರ ಹತ್ತಿರ ಬಳಸಬಾರದು, ನಾಣ್ಯವೇ ಹಾರಿಹೋಗಬಹುದು.

ಒಂದು ನಾಣ್ಯಕ್ಕೆ ನಾಲ್ಕು ಚಿತ್ರ

ಮುಂಭಾಗ, ಹಿಂಭಾಗ, ಅಂಚು ಮತ್ತು ಅಳತೆಪಟ್ಟಿಯ ಜೊತೆಗಿನ ಒಂದು ಚಿತ್ರ ಹೀಗೆ ನಾಲ್ಕು ಇದ್ದರೆ ದಾಖಲೆ ಪೂರ್ಣ. ಅಳತೆಪಟ್ಟಿಯನ್ನು ನಾಣ್ಯದ ಮೇಲ್ಮೈಯ ಮಟ್ಟಕ್ಕೆ ಸರಿಯಾಗಿ ಎತ್ತರಿಸಿ ಇಡಬೇಕು.

ಅಂಚನ್ನು ಬಿಡಬಾರದು. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ. 1939ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಶೇ 91.7ರಷ್ಟಿದ್ದರೆ, 1940ರಿಂದ ಅದು ಶೇ 50ಕ್ಕೆ ಇಳಿಯಿತು. ನಕಲಿ ತಡೆಯಲು ಅಂಚಿನ ಹಲ್ಲುಗಳ ನಡುವೆ ವಿಶೇಷ ಗೆರೆ ಬಂದದ್ದೂ ಆ ಕಾಲದಲ್ಲೇ. ಅಚ್ಚಿನಲ್ಲಿ ಎರಕ ಹೊಯ್ದ ನಕಲಿ ನಾಣ್ಯದ ಸುತ್ತ ಬೆಸುಗೆಯಂತಹ ಗೆರೆ ಇದ್ದರೆ ಅದು ಕಾಣುವುದೂ ಅಂಚಿನಲ್ಲೇ.

ಸೂಕ್ಷ್ಮ ಗುರುತುಗಳಿಗಾಗಿಯೂ ಚಿತ್ರ ಸ್ಪಷ್ಟವಾಗಿರಬೇಕು. ವಿಕ್ಟೋರಿಯಾ ರಾಣಿಯ ರೂಪಾಯಿಗಳಲ್ಲಿ 1862 ಎಂಬ ಇಸವಿಯನ್ನು 1874ರವರೆಗೂ ಬದಲಿಸದೆ ಅಚ್ಚು ಹಾಕಲಾಯಿತು. ಅವುಗಳ ಬಗೆಗಳನ್ನು ಗುರುತಿಸುವುದು ಸಣ್ಣ ಚುಕ್ಕೆಗಳಿಂದ. ಈಗಿನ ನಾಣ್ಯಗಳಲ್ಲಿ ಇಸವಿಯ ಕೆಳಗೆ ವಜ್ರಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಯಾವ ಗುರುತೂ ಇಲ್ಲದಿದ್ದರೆ ಕೋಲ್ಕತ್ತಾ ಟಂಕಸಾಲೆಯದು.

ಚಿತ್ರದಿಂದ ತಿಳಿಯದ್ದು

ಲೋಹ ಅಪ್ಪಟವೇ ಎಂಬುದನ್ನು ಚಿತ್ರ ಹೇಳುವುದಿಲ್ಲ. ಆದ್ದರಿಂದ ತೂಕ ಮತ್ತು ವ್ಯಾಸವನ್ನು ಚಿತ್ರದ ಜೊತೆಗೆ ಬರೆದಿಡಬೇಕು. ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818ರ ಇಸವಿ ಮತ್ತು ರಾಮಸೀತೆ ಅಥವಾ ಹನುಮಂತನ ಚಿತ್ರವಿರುವ ‘ಆಣೆ’ಗಳು ಹಲವು ಮನೆಗಳಲ್ಲಿ ಸಿಗುತ್ತವೆ. ಕಂಪನಿ ಅಂತಹ ಆಣೆಗಳನ್ನು ಹೊರಡಿಸಿಲ್ಲ; ಅವು ನಂತರದ ದಿನಗಳಲ್ಲಿ ಮಾರಾಟಕ್ಕಾಗಿ ಮಾಡಿದ ಬಿಲ್ಲೆಗಳು. ಹಳೆಯ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಕೊಡುತ್ತೇವೆ ಎಂದು ಹೇಳಿ ಮೊದಲೇ ಶುಲ್ಕ ಕೇಳುವವರ ಬಗ್ಗೆಯೂ ಎಚ್ಚರ ಬೇಕು. ತನ್ನ ಹೆಸರಿನಲ್ಲಿ ನಡೆಯುವ ಇಂತಹ ವಂಚನೆಗಳ ಕುರಿತು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ.

ಕಾನೂನಿನ ಎರಡು ಮಾತು

1972ರ ಪುರಾತನ ವಸ್ತುಗಳ ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದನ್ನು ಖಾಸಗಿಯಾಗಿ ಹೊರದೇಶಕ್ಕೆ ಒಯ್ಯುವಂತಿಲ್ಲ. ಅಜ್ಜನ ನಾಣ್ಯವನ್ನು ಅಮೆರಿಕದಲ್ಲಿರುವ ಮೊಮ್ಮಕ್ಕಳಿಗೆ ನೆನಪಿಗೆ ಕಳುಹಿಸಬೇಕು ಎನ್ನುವ ಕುಟುಂಬಗಳು ಚಿತ್ರವನ್ನು ಕಳುಹಿಸಿ, ನಾಣ್ಯವನ್ನು ಇಲ್ಲೇ ಉಳಿಸಿಕೊಳ್ಳಬೇಕು. ಹೊಲ ಉಳುವಾಗ, ಪಾಯ ತೋಡುವಾಗ ನೆಲದಲ್ಲಿ ಸಿಕ್ಕಿದ ಹಳೆಯ ನಾಣ್ಯಗಳು ನಿಧಿ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು.

ದಾಖಲೆ ಇಡುವುದು

ಪ್ರತಿ ನಾಣ್ಯಕ್ಕೂ ಒಂದು ಸಂಖ್ಯೆ ಕೊಟ್ಟು, ಚಿತ್ರದ ಫೈಲಿಗೂ ನಾಣ್ಯದ ಲಕೋಟೆಗೂ ಅದೇ ಸಂಖ್ಯೆ ಬರೆಯಬೇಕು. ಒಂದು ನೋಟ್‌ಪುಸ್ತಕದಲ್ಲಿ ಸಂಖ್ಯೆ, ತೂಕ, ವ್ಯಾಸ, ಓದಲು ಬಂದ ಅಕ್ಷರ, ಯಾರಿಂದ ಬಂತು, ಯಾವ ಸಂದರ್ಭದಲ್ಲಿ ಬಂತು ಎಂಬ ವಿವರ ಇರಲಿ. ಮದುವೆಯಲ್ಲಿ ಬಂದದ್ದೋ, ಪಂಚಕಲ್ಯಾಣದ ನೆನಪಿಗೆ ಇಟ್ಟದ್ದೋ ಎಂಬುದು ಮನೆಯ ಹಿರಿಯರಿಗೆ ಮಾತ್ರ ಗೊತ್ತಿರುತ್ತದೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕೆಲಸ ಮಾಡುವುದು ಉತ್ತಮ.

ನಾಣ್ಯವನ್ನು ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ಇಡಬಾರದು. ಕಾಲಾಂತರದಲ್ಲಿ ಅದರಿಂದ ಅಂಟಾದ ಹಸಿರು ಪದಾರ್ಥ ಹೊರಬಂದು ಲೋಹವನ್ನು ತಿನ್ನುತ್ತದೆ. ಆಮ್ಲವಿಲ್ಲದ ಕಾಗದದ ಲಕೋಟೆ ಅಥವಾ ಪಾಲಿಯೆಸ್ಟರ್ ಹಾಳೆಯ ಕವರ್ ಒಳ್ಳೆಯದು.

ಚಿತ್ರಗಳ ಮೂಲ ಪ್ರತಿ ಕನಿಷ್ಠ ಎರಡು ಕಡೆ ಇರಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಮೂಲ ಹಾಗೇ ಉಳಿಯುತ್ತದೆ. ಆದರೆ ಮೂಲ ಚಿತ್ರದಲ್ಲಿ ತೆಗೆದ ಸ್ಥಳದ ವಿವರವೂ ಅಡಗಿರಬಹುದು. ಮನೆಯಲ್ಲಿ ಚಿನ್ನದ ನಾಣ್ಯವಿದೆ ಎಂಬುದರ ಜೊತೆಗೆ ಮನೆ ಎಲ್ಲಿದೆ ಎಂಬುದೂ ಅಪರಿಚಿತರಿಗೆ ತಿಳಿಯಬಾರದು. ಚಿತ್ರ ತೆಗೆಯುವ ಮೊದಲು ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಬಂದ್ ಮಾಡಬೇಕು. ದೊಡ್ಡ ಗುಂಪುಗಳಲ್ಲಿ ಹಂಚುವ ಬದಲು ಕುಟುಂಬದ ಒಳಗೆ, ಬೇಕಿದ್ದರೆ ಪರಿಚಿತ ನಾಣ್ಯತಜ್ಞರಿಗೆ ಮಾತ್ರ ತೋರಿಸಬೇಕು. ನೋಟ್‌ಪುಸ್ತಕದ ಒಂದು ಪ್ರತಿ ಮತ್ತು ಚಿತ್ರಗಳಿರುವ ಪೆನ್‌ಡ್ರೈವ್ ಅನ್ನು ನಾಣ್ಯಗಳಿರುವ ಪೆಟ್ಟಿಗೆಯಲ್ಲಿ ಇಡದೆ ಬೇರೆ ಕಡೆ ಇಟ್ಟರೆ, ಪೆಟ್ಟಿಗೆ ಹೋದರೂ ದಾಖಲೆ ಉಳಿಯುತ್ತದೆ.