ಚಾಚಿದ ಕೈಯ ಸಾಕ್ಷ್ಯ: ಹೆಲೆನ್ ಮೇಯರ್ ಕುರಿತ ಒಂದು ತಪ್ಪು ಓದು

ಹೆಲೆನ್ ಮೇಯರ್ ಬಗ್ಗೆ ಬರೆಯುವವರಲ್ಲಿ ಬಹಳ ಮಂದಿ ಒಂದು ಛಾಯಾಚಿತ್ರದಿಂದ ಶುರುಮಾಡಿ ಅಲ್ಲಿಗೇ ನಿಲ್ಲುತ್ತಾರೆ. 1936ರ ಬರ್ಲಿನ್ ಒಲಿಂಪಿಕ್ಸ್, ಮಹಿಳೆಯರ ಫಾಯಿಲ್ ಕತ್ತಿವರಸೆಯ ಪದಕ ವೇದಿಕೆ. ಚಿನ್ನ ಹಂಗೇರಿಯ ಇಲೋನಾ ಎಲೆಕ್‌ಗೆ, ಕಂಚು ಆಸ್ಟ್ರಿಯದ ಎಲೆನ್ ಪ್ರೈಸ್‌ಗೆ. ಬೆಳ್ಳಿ ಗೆದ್ದ ಮೇಯರ್ ಬಲಗೈ ಚಾಚಿ ನಾಜಿ ವಂದನೆ ಸಲ್ಲಿಸುತ್ತಿದ್ದಾರೆ. ಆಫೆನ್‌ಬಾಖ್‌ನ ಯಹೂದಿ ವೈದ್ಯರ ಮಗಳು ಹೀಗೆ ನಿಂತದ್ದನ್ನು ಒಂದು ಪಕ್ಷ ದ್ರೋಹವೆನ್ನುತ್ತದೆ. ಜರ್ಮನಿಯಲ್ಲೇ ಇದ್ದ ತಾಯಿ ಮತ್ತು ಸೋದರರನ್ನು ಉಳಿಸಲು ಒತ್ತಡಕ್ಕೆ ಮಣಿದದ್ದು ಎನ್ನುತ್ತದೆ ಇನ್ನೊಂದು. ಎರಡೂ ಚಿತ್ರದಲ್ಲಿ ಇಲ್ಲದ್ದನ್ನು ಅದಕ್ಕೆ ಹೇರುತ್ತವೆ.

ವೇದಿಕೆ ಏರಿದ ಜರ್ಮನ್ ಕ್ರೀಡಾಪಟುಗಳಿಗೆ ಆ ವಂದನೆ ಅಂದಿನ ರೂಢಿ. ಎಲ್ಲರೂ ಎತ್ತಿದ ಕೈಯನ್ನು ಒಬ್ಬರು ಎತ್ತಿದರೆ ಅದು ಅವರ ಅಂತರಂಗಕ್ಕೆ ಸಾಕ್ಷಿಯಾಗದು. ಎತ್ತದೆ ಹೋಗಿದ್ದರೆ ಆಗುತ್ತಿತ್ತು.

ಮಿಲ್ಲಿ ಮೊಗುಲಾಫ್ ಅವರ 2002ರ ಜೀವನಚರಿತ್ರೆಗೆ ನಾವೆಲ್ಲ ಋಣಿಗಳು. ಆದರೆ ಅದರ ಶೀರ್ಷಿಕೆಯೇ ಮೇಯರ್ ಅವರನ್ನು ಹಿಟ್ಲರನ ಯಹೂದಿ ಒಲಿಂಪಿಯನ್ ಎಂದು ಕರೆಯುತ್ತದೆ. ಇದನ್ನು ನಾನು ಒಪ್ಪಲಾರೆ. 1935ರ ನವೆಂಬರ್ 14ರ ನಾಜಿ ನಿಯಮಾವಳಿಯನ್ನು ಓದಬೇಕು. ಅಜ್ಜ-ಅಜ್ಜಿಯರಲ್ಲಿ ಮೂವರು ಯಹೂದಿಗಳಾಗಿದ್ದರೆ ಆ ವ್ಯಕ್ತಿ ಯಹೂದಿ. ಇಬ್ಬರೇ ಆಗಿದ್ದು, ಯಹೂದಿ ಧರ್ಮಸಮುದಾಯಕ್ಕೆ ಸೇರದೆ, ಯಹೂದಿಯನ್ನು ಮದುವೆಯಾಗದೆ ಇದ್ದವರು 'ಮಿಶ್ಲಿಂಗ್', ಎಂದರೆ ಬೆರಕೆಯವರು. ಮೇಯರ್ ಅವರ ತಾಯಿ ಪ್ರಾಟೆಸ್ಟಂಟ್. ಆದ್ದರಿಂದ, ಒಲಿಂಪಿಕ್ಸ್ ಬಹಿಷ್ಕಾರದ ಮಾತು ಎದ್ದಿದ್ದ ಅಮೆರಿಕದ ಮುಂದೆ ಯಹೂದಿ ಆಟಗಾರ್ತಿಯೆಂದು ತೋರಿಸಲು ಸಿಕ್ಕವರು ನಾಜಿಗಳ ಸ್ವಂತ ಕಾನೂನಿನ ಪ್ರಕಾರ ಯಹೂದಿಯೇ ಅಲ್ಲ! ಆ ಕಾನೂನಿಗೆ ಪೂರ್ತಿ ಯಹೂದಿಯಾದ ಗ್ರೆಟೆಲ್ ಬೆರ್ಗ್‌ಮನ್ 1936ರ ಜೂನ್ ಕೊನೆಯಲ್ಲಿ 1.60 ಮೀಟರ್ ಎತ್ತರ ಜಿಗಿದು ಜರ್ಮನ್ ದಾಖಲೆ ಸರಿಗಟ್ಟಿದ್ದರು. ಅಮೆರಿಕದ ತಂಡ ಹಡಗು ಹತ್ತಿದ ಮರುದಿನ, ಜುಲೈ 16ರಂದು, ಅವರನ್ನು ತಂಡದಿಂದ ಕೈಬಿಡಲಾಯಿತು. ಮೇಯರ್ ಅವರನ್ನು ಸುಮ್ಮನೆ ಯಹೂದಿ ಎಂದುಬಿಟ್ಟರೆ ಬೆರ್ಗ್‌ಮನ್‌ಗೆ ಆದ ಅನ್ಯಾಯ ಮಸುಕಾಗುತ್ತದೆ. ನನ್ನ ಆಕ್ಷೇಪದ ತಿರುಳು ಇದು. ಶೀರ್ಷಿಕೆಯ ಸೊಗಸಿಗಾಗಿ ಇದನ್ನು ಬಿಟ್ಟುಕೊಡಲಾಗದು.

ಕತ್ತಿಯ ಕಡೆಗೆ ಬಂದರೆ, ಈ ವಾಗ್ವಾದಿಗಳು ಅಂಕಪಟ್ಟಿಯನ್ನು ತೆರೆದಂತೆಯೇ ಕಾಣುವುದಿಲ್ಲ. ಮೇಯರ್ 1928ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಚಿನ್ನ ಗೆದ್ದಾಗ ವಯಸ್ಸು 17. ಬರ್ಲಿನ್ ಅಂತಿಮ ಸುತ್ತಿನಲ್ಲಿ ಎಲೆಕ್‌ಗೆ ಆರು ಗೆಲುವು, ಮೇಯರ್ ಮತ್ತು ಪ್ರೈಸ್‌ಗೆ ತಲಾ ಐದು. ಫಾಯಿಲ್‌ಗೆ ವಿದ್ಯುತ್ ಸಾಧನ ಬಂದದ್ದು 1950ರ ದಶಕದಲ್ಲಿ. ಅದಕ್ಕೆ ಮುಂಚಿನ ಬರ್ಲಿನ್‌ನಲ್ಲಿ ಪ್ರತಿ ತಿವಿತವನ್ನೂ ತೀರ್ಪುಗಾರರ ಕಣ್ಣೇ ನಿರ್ಧರಿಸುತ್ತಿತ್ತು. ಮರುವರ್ಷ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎಲೆಕ್ ಅವರನ್ನು ಹಿಂದಿಕ್ಕಿ ಮೇಯರ್ ಮೊದಲಿಗರಾದರು, ಅದೂ ಜರ್ಮನಿಯ ಪರವಾಗಿ. ಬರ್ಲಿನ್‌ಗೆ ಬಂದದ್ದು ಬರೀ ಒತ್ತಡದಿಂದ ಎನ್ನುವವರು ಈ ಪ್ಯಾರಿಸ್‌ಗೆ ಉತ್ತರ ಹೇಳಬೇಕು. ದ್ರೋಹವೆನ್ನುವವರು 1933ಕ್ಕೆ ಉತ್ತರ ಹೇಳಲಿ: ಆಫೆನ್‌ಬಾಖ್‌ನ ಕತ್ತಿವರಸೆ ಕ್ಲಬ್ಬು, ತಾನೇ ಬೆಳೆಸಿದ ಚಾಂಪಿಯನ್ನಿನ ಹೆಸರನ್ನು ಸದಸ್ಯರ ಪಟ್ಟಿಯಿಂದ ಅಳಿಸಿಹಾಕಿತ್ತು.

ನಾನು ಹೆಚ್ಚು ತೂಕ ಕೊಡುವುದು ಮೇಯರ್ ಅವರೇ ಮುಂದಿಟ್ಟ ಬೇಡಿಕೆಗೆ. ಬರ್ಲಿನ್‌ಗೆ ಬರುವ ಮಾತುಕತೆಯಲ್ಲಿ, ಕ್ಯಾಲಿಫೋರ್ನಿಯದಲ್ಲಿದ್ದ ಮೇಯರ್ ಜರ್ಮನಿಯ ಪೂರ್ಣ ಪೌರತ್ವದ ಖಾತರಿ ಕೇಳಿದ್ದರು. ನವೆಂಬರ್ 14ರ ನಿಯಮಾವಳಿ ಮಿಶ್ಲಿಂಗ್‌ಗಳಿಗೆ ಉಳಿಸಿದ್ದು ತಾತ್ಕಾಲಿಕ ಪೌರತ್ವವನ್ನು ಮಾತ್ರ.