ಕವಣೆಯ ಕಲ್ಲು: ಹಗುರವಾದುದರ ಬಲವೂ ಮಿತಿಯೂ

ಪ್ರವಾದಿ ದಾವೂದ್(ಅ)ರು ಜಾಲೂತನನ್ನು ವಧಿಸಿದ ವೃತ್ತಾಂತವನ್ನು ನಾವು ಬಾಲ್ಯದಿಂದಲೂ ಕೇಳುತ್ತಾ ಬಂದಿದ್ದೇವೆ. ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯದ 251ನೆಯ ಸೂಕ್ತವು ಆ ವಧೆಯನ್ನು ತಿಳಿಸುತ್ತದೆ, ಆಯುಧವನ್ನು ಹೆಸರಿಸುವುದಿಲ್ಲ. ಕವಣೆಯ ಪ್ರಸ್ತಾಪವು ತಫ್ಸೀರ್ ಗ್ರಂಥಗಳ ಕಥನಗಳಲ್ಲಿ ಬರುತ್ತದೆ. ತೊರೆಯಿಂದ ಆರಿಸಿದ ಐದು ನುಣುಪು ಕಲ್ಲುಗಳ ವಿವರವು ಬೈಬಲಿನಲ್ಲಿದೆ. ವಿಜಯವು ಅಲ್ಲಾಹನ ಅನುಮತಿಯಿಂದಲೇ ದೊರೆಯಿತು. ಆದರೆ ಆತನು ಸೃಷ್ಟಿಯಲ್ಲಿರಿಸಿದ ನಿಯಮಗಳನ್ನು ಅರಿಯುವುದೂ ನಮಗೆ ಸಲ್ಲುವ ಕಾರ್ಯವೇ.

ಕುರಿ ಕಾಯುವವರ ಈ ಸರಳ ಸಾಧನವು ವಾಸ್ತವದಲ್ಲಿ ತೋಳಿನ ವಿಸ್ತರಣೆ. 70 ಸೆಂಟಿಮೀಟರ್ ಉದ್ದದ ತೋಳಿಗೆ ಅಷ್ಟೇ ಉದ್ದದ ಕವಣೆ ಸೇರಿದರೆ ಕಲ್ಲು ಸುತ್ತುವ ವೃತ್ತದ ತ್ರಿಜ್ಯವು ಇಮ್ಮಡಿಯಾಗುತ್ತದೆ. ತೋಳು ಅದೇ ರಭಸದಲ್ಲಿ ತಿರುಗಿದರೆ ಕಲ್ಲಿನ ವೇಗವೂ ಇಮ್ಮಡಿಯಾಗುತ್ತದೆ. ವೇಗವು ಇಮ್ಮಡಿಯಾದರೆ ಹೊಡೆತದ ಶಕ್ತಿಯು ನಾಲ್ಮಡಿಯಾಗುತ್ತದೆ. ಕಲ್ಲಿನ ತೂಕವನ್ನು ಇಮ್ಮಡಿಸಿದರೆ ಶಕ್ತಿಯು ಕೇವಲ ಇಮ್ಮಡಿಯಾಗುತ್ತದೆ. ಆದ್ದರಿಂದಲೇ ಕವಣೆಗಾರನು ಬಂಡೆಯನ್ನಲ್ಲ, ವೇಗವನ್ನು ಅರಸಿದನು.

ಹಾಗಾದರೆ ಕಲ್ಲು ಎಷ್ಟು ಹಗುರವಾದರೆ ಅಷ್ಟು ಒಳ್ಳೆಯದೇ? ಅಲ್ಲ. ಕಲ್ಲು ಎಷ್ಟೇ ಚಿಕ್ಕದಾದರೂ ತನ್ನದೇ ಭಾರವನ್ನು ಎಳೆಯಬೇಕಾದ ತೋಳಿನ ವೇಗಕ್ಕೆ ಒಂದು ಮಿತಿಯಿದೆ. ಮೇಲಾಗಿ, ದುಂಡು ಕಲ್ಲಿನ ಅಡ್ಡಳತೆಯನ್ನು ಅರ್ಧಕ್ಕಿಳಿಸಿದರೆ ಅದರ ತೂಕವು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಗಾಳಿಗೆ ಎದುರಾಗುವ ಮೈ ಮಾತ್ರ ನಾಲ್ಕನೆಯ ಒಂದು ಭಾಗದಷ್ಟು ಉಳಿಯುತ್ತದೆ. ಅಂದರೆ ಅದೇ ವೇಗದಲ್ಲಿ ಗಾಳಿಯು ಅದನ್ನು ಎರಡು ಪಟ್ಟು ಬೇಗ ತಡೆಯುತ್ತದೆ.

ಗ್ರೀಕರು ಇದಕ್ಕೆ ಸೀಸದಲ್ಲಿ ಪರಿಹಾರವನ್ನು ಕಂಡರು. ಸೀಸವು ಸಾಮಾನ್ಯ ಕಲ್ಲಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಸಾಂದ್ರವಾದುದು. ಆದ್ದರಿಂದ ಪುಟ್ಟ ಗುಂಡಿಗೂ ಗಾಳಿಯನ್ನು ಸೀಳುವಷ್ಟು ಭಾರವಿರುತ್ತದೆ. ಕ್ರಿ.ಪೂ. 401ರಲ್ಲಿ ಪಾರಸಿಕರ ನೆಲದಿಂದ ಹಿಮ್ಮೆಟ್ಟುತ್ತಿದ್ದ ಗ್ರೀಕ್ ಪಡೆಯಲ್ಲಿದ್ದ ಇತಿಹಾಸಕಾರ ಕ್ಸೆನೊಫೋನನು, ಪಾರಸಿಕರು ಕೈತುಂಬುವಷ್ಟು ದೊಡ್ಡ ಕಲ್ಲುಗಳನ್ನು ಬಳಸುತ್ತಿದ್ದರೆಂದೂ ರೋಡ್ಸ್ ದ್ವೀಪದವರ ಸೀಸದ ಗುಂಡುಗಳು ಅವುಗಳ ಎರಡು ಪಟ್ಟು ದೂರ ಸಾಗುತ್ತಿದ್ದವೆಂದೂ ದಾಖಲಿಸಿದ್ದಾನೆ.

ಇಲ್ಲಿ ನಾವು ಒಂದು ಹದೀಸನ್ನು ಸ್ಮರಿಸಬೇಕು. ಬೆರಳುಗಳ ನಡುವೆ ಹರಳನ್ನಿಟ್ಟು ಚಿಮ್ಮಿಸುವುದನ್ನು ಪ್ರವಾದಿ(ಸ)ರು ನಿಷೇಧಿಸಿದರೆಂದು ಅಬ್ದುಲ್ಲಾಹ್ ಬಿನ್ ಮುಗಫ್ಫಲ್(ರ)ರಿಂದ ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ್ದಾರೆ. ಅದರಿಂದ ಬೇಟೆಯೂ ಆಗದು, ಶತ್ರುವೂ ಗಾಯಗೊಳ್ಳನು. ಆದರೆ ಹಲ್ಲು ಮುರಿದೀತು, ಕಣ್ಣು ಹೋದೀತು ಎಂಬುದು ಅದರ ತಾತ್ಪರ್ಯ. ಭೌತಶಾಸ್ತ್ರದ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಹರಳಿನಲ್ಲಿರುವ ಶಕ್ತಿ ಅತ್ಯಲ್ಪ. ಆದರೆ ಅದು ತಾಗುವ ಜಾಗವೂ ಅತ್ಯಲ್ಪ. ಕಣ್ಣಿನಂತಹ ಕೋಮಲ ಅಂಗಕ್ಕೆ ಅಷ್ಟೇ ಸಾಕು.

ಉಪಯೋಗಕ್ಕೆ ಬಾರದಷ್ಟು ಹಗುರವಾದುದು ಅಪಾಯಕ್ಕೂ ಬಾರದೆಂದು ನಾವು ಭಾವಿಸುತ್ತೇವೆ. ಅಂಗಳದಲ್ಲಿ ಮಕ್ಕಳು ಕಲ್ಲು ಚಿಮ್ಮಿಸುವಾಗ ‘ಸಣ್ಣದು ತಾನೇ’ ಎಂದು ಸುಮ್ಮನಾಗುತ್ತೇವೆ. ಎಸೆದ ಕಲ್ಲನ್ನು ಹಿಂದಕ್ಕೆ ಕರೆಯಲಾಗದು. ಕೈಯಿಂದ ಬಿಡುವ ಮೊದಲೇ ಅದನ್ನು ತೂಗಿ ನೋಡುವ ವಿವೇಕವನ್ನು ನಾವೂ ಕಲಿಯೋಣ, ನಮ್ಮ ಮಕ್ಕಳಿಗೂ ಕಲಿಸೋಣ.